ಏಳುನೂರರಲ್ಲಿ ಒಂದು ಪಾಲು ಸತ್ಯ

ಜಪಾನಿನ ಯುದ್ಧನೌಕೆ ಯಮಾಟೊ 263 ಮೀಟರ್ ಉದ್ದವಿತ್ತು. 1/700ರ ಅಳತೆಗೆ ಇಳಿಸಿದರೆ ಅದು ಮೂವತ್ತೇಳೂವರೆ ಸೆಂಟಿಮೀಟರ್ ಆಗುತ್ತದೆ. ಟಿ.ವಿ. ಸ್ಟ್ಯಾಂಡಿನ ಮೇಲೆ, ಮದುವೆಯಲ್ಲಿ ಬಂದ ಗಡಿಯಾರದ ಪಕ್ಕ, ಯಾರ ಕಾಲಿಗೂ ಸಿಗದೆ ಕೂರಬಲ್ಲ ಉದ್ದ. ಸಂಸಾರಸ್ಥರ ಮನೆಗೆ ಇಷ್ಟು ಯುದ್ಧ ಸಾಕು. ಪ್ಲಾಸ್ಟಿಕ್ ಕಿಟ್ ತಂದು, ತುಂಡುಗಳನ್ನು ಕತ್ತರಿಸಿ, ಅಂಟಿಸಿ, ಬೂದು ಬಣ್ಣ ಹೊಡೆದು ನಾಲ್ಕು ಭಾನುವಾರಗಳಲ್ಲಿ ಮುಗಿಸಿ, ಐದನೇ ಭಾನುವಾರ ಅತ್ತೆಮನೆಗೆ ಹೋಗಿಬರಬಹುದಾದ ಹವ್ಯಾಸ ಇದು.

ಹೋಗಿಬರಬಹುದಾಗಿತ್ತು. ಆಮೇಲೆ ಹಿತ್ತಾಳೆ ಬಂತು.

ಪ್ಲಾಸ್ಟಿಕ್ ಹಡಗಿಗೆ ರೇಲಿಂಗ್ ಇರುವುದಿಲ್ಲ. ಅಷ್ಟು ಸಪೂರ ಎಳೆ ಅಚ್ಚಿನೊಳಗೆ ಹರಿಯುವುದಿಲ್ಲ, ಹರಿದರೂ ಹೊರಗೆ ತೆಗೆಯುವಾಗ ಉಳಿಯುವುದಿಲ್ಲ. ಹಾಗಾಗಿ ಕಿಟ್ ಮಾಡುವವರು ಅದನ್ನು ಮಾನವಾಗಿ ಕೈಬಿಟ್ಟಿದ್ದರು. ರೇಡಾರಿನ ಜಾಲರಿ ಇರಬೇಕಾದಲ್ಲಿ ಒಂದು ಗಟ್ಟಿ ಹಲಗೆ, ಕ್ರೇನಿನ ಹಂದರ ಇರಬೇಕಾದಲ್ಲಿ ಒಂದು ಕೋಲು, ಏಣಿ ಇರಬೇಕಾದಲ್ಲಿ ನಾಲ್ಕು ಗೀರು. ಉಳಿದದ್ದನ್ನು ನೋಡುವವನ ಕಣ್ಣು ತುಂಬಿಕೊಳ್ಳುತ್ತಿತ್ತು. 1971ರಲ್ಲಿ ಶಿಜುವೋಕಾ ಊರಿನ ತಮಿಯಾ, ಹಸೆಗಾವಾ, ಅಓಷಿಮಾ, ಫುಜಿಮಿ ಎಂಬ ನಾಲ್ಕು ಕಂಪನಿಗಳು ಜಪಾನಿನ ಹಳೆಯ ನೌಕಾಪಡೆಯನ್ನು ತಮ್ಮೊಳಗೆ ಪಾಲು ಮಾಡಿಕೊಂಡು 1/700ರಲ್ಲಿ ಹೊರತರಲು ಹೊರಟಾಗ, ನೀರಿನ ಮೇಲೆ ಕಾಣುವಷ್ಟನ್ನು ಮಾತ್ರ ಮಾಡಿದವು. ನೀರಿನ ಕೆಳಗಿನ ಹಡಗೇ ಇರಲಿಲ್ಲ! ತಳವೇ ಇಲ್ಲದ ಹಡಗನ್ನು ಜನ ಸಂತೋಷವಾಗಿ ಕೊಂಡರು. ಈಗ ಒಂದೂವರೆ ಮಿಲಿಮೀಟರ್ ಎತ್ತರದ ರೇಲಿಂಗ್ ಇಲ್ಲದಿದ್ದರೆ ಹಡಗು ಬತ್ತಲೆ ಎನ್ನುತ್ತಾರೆ.

ಈ ಹಿತ್ತಾಳೆ ವಿದ್ಯೆಯ ಹೆಸರು ಫೋಟೊ ಎಚಿಂಗ್. ಕಾಗದದಷ್ಟು ತೆಳು ತಗಡಿಗೆ ಬೆಳಕಿಗೆ ಸ್ಪಂದಿಸುವ ಲೇಪ ಹಚ್ಚಿ, ಅದರ ಮೇಲೆ ನಕ್ಷೆಯ ಫಿಲ್ಮ್ ಇಟ್ಟು, ನೇರಳಾತೀತ ಬೆಳಕು ಬಿಟ್ಟು, ತೊಳೆದು, ಫೆರಿಕ್ ಕ್ಲೋರೈಡಿನಂಥ ದ್ರಾವಣಕ್ಕೆ ಒಡ್ಡಿದರೆ ಬೇಡದ ಹಿತ್ತಾಳೆ ಕರಗಿ ಬೇಕಾದದ್ದು ಉಳಿಯುತ್ತದೆ. ಮಡಿಸಬೇಕಾದ ಗೆರೆಯಲ್ಲಿ ಅರ್ಧ ದಪ್ಪದಷ್ಟು ಮಾತ್ರ ಕರಗಿಸಿ ಬಿಡುತ್ತಾರೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಇಂಜಿನಿಯರಿಂಗ್ ಹುಡುಗರು ಸರ್ಕ್ಯೂಟ್ ಬೋರ್ಡ್ ಮಾಡಲು ಕೊಳ್ಳುವುದೂ ಅದೇ ಫೆರಿಕ್ ಕ್ಲೋರೈಡ್. ಅವರು ಅದರಿಂದ ಕೊನೆಗೆ ಒಂದು ದೀಪವನ್ನಾದರೂ ಮಿನುಗಿಸುತ್ತಾರೆ.

ಪ್ರೇಗಿನ ಬೀದಿಗಳಲ್ಲಿ ಜನ ಸರ್ಕಾರವನ್ನೇ ಇಳಿಸಿದ 1989ರಲ್ಲಿ, ಅದೇ ದೇಶದಲ್ಲಿ ಎಡುವಾರ್ಡ್ ಎಂಬ ಕಂಪನಿ ಹುಟ್ಟಿತು. ಮಾದರಿಗಳಿಗೆ ಹಿತ್ತಾಳೆ ತುಣುಕು ಮಾಡುತ್ತಾ ದೊಡ್ಡದಾಯಿತು. ಅಮೆರಿಕದಲ್ಲಿ ಗೋಲ್ಡ್ ಮೆಡಲ್ ಮಾಡೆಲ್ಸ್, ಕೊರಿಯಾದಲ್ಲಿ ಪಾಂಟೋಸ್, ಚೀನಾದಲ್ಲಿ ಫ್ಲೈಹಾಕ್. ಫಿರಂಗಿಯ ನಳಿಗೆಗಳನ್ನು ಲೇತಿನಲ್ಲಿ ಕಡೆದು ಕೊಡಲು ಪೋಲೆಂಡಿನವರು. ಡೆಕ್ಕಿಗೆ ಹಾಸಲು ಲೇಸರಿನಲ್ಲಿ ಕೊಯ್ದ ನಿಜವಾದ ಮರದ ಹಾಳೆ ಬೇರೆ. ಲಂಗರಿನ ಸರಪಳಿ ಬೇರೆ, ಆಂಟೆನಾ ತಂತಿಗೆ ಹಿಗ್ಗುವ ನೂಲು ಬೇರೆ. ಎಲ್ಲ ಕೂಡಿಸಿ ನೋಡಿದರೆ ಕಿಟ್ಟಿನ ಬೆಲೆ ಎಲ್ಲೋ ಮೂಲೆಯಲ್ಲಿ ಕೂತಿರುತ್ತದೆ. ಮೂಗಿಗಿಂತ ಮೂಗುತಿ ಭಾರ ಎಂದ ನಮ್ಮ ಹಿರಿಯರು ಇಂಥ ಮೂಗುತಿಯನ್ನು ಕಂಡಿರಲಿಲ್ಲ. ಇಲ್ಲಿ ಮೂಗುತಿ ಕೊಂಡ ಮೇಲೆ ಮೂಗನ್ನು ಹುಡುಕಿಕೊಂಡು ಹೋಗುವವರಿದ್ದಾರೆ.

ಹವ್ಯಾಸದಲ್ಲಿ ಮಡಿ-ಮೈಲಿಗೆ ಶುರುವಾದದ್ದು ಇಲ್ಲಿಂದ. ಪೆಟ್ಟಿಗೆಯಲ್ಲಿ ಇದ್ದದ್ದನ್ನಷ್ಟೇ ಅಂಟಿಸಿದವನು ಮೈಲಿಗೆ. ರೇಲಿಂಗ್ ಹಾಕಿದವನು ಜಗಲಿಯವರೆಗೆ ಬರಬಹುದು. ರೇಡಾರ್, ಕ್ರೇನ್, ಏಣಿ ಹಾಕಿದವನಿಗೆ ನಡುಮನೆ. ಕಿಟ್ ಕಂಪನಿ ಪ್ಲಾಸ್ಟಿಕ್ಕಿನಲ್ಲೇ ಚೆನ್ನಾಗಿ ಮೂಡಿಸಿಕೊಟ್ಟಿದ್ದ ಬಾಗಿಲುಗಳನ್ನು ಬ್ಲೇಡಿನಿಂದ ಹೆರೆದು ಬಿಸಾಡಿ, ಅದೇ ಜಾಗಕ್ಕೆ ಅದೇ ಅಳತೆಯ ಹಿತ್ತಾಳೆ ಬಾಗಿಲು ಅಂಟಿಸಿದವನಿಗೆ ಮಾತ್ರ ದೇವರ ಕೋಣೆ. ಆಮೇಲೆ ಎಲ್ಲದರ ಮೇಲೂ ಒಂದೇ ಬೂದು ಬಣ್ಣ ಕೂರುವುದರಿಂದ ಯಾವ ಬಾಗಿಲು ಯಾವುದರದ್ದು ಎಂದು ಹೇಳಲು ಆ ಕೋಣೆಯ ದೇವರೇ ಎದ್ದು ಬರಬೇಕು. ಅದು ಗೊತ್ತಿದ್ದೇ ನಮ್ಮ ಮಡಿವಂತರು ಬಣ್ಣ ಹೊಡೆಯುವ ಮೊದಲು ಎಂಟೂ ದಿಕ್ಕಿನಿಂದ ಫೋಟೊ ತೆಗೆದಿಟ್ಟುಕೊಳ್ಳುತ್ತಾರೆ. ಬೂದು ಪ್ಲಾಸ್ಟಿಕ್ಕಿನ ಮೇಲೆ ಹೊನ್ನಿನಂತೆ ಹೊಳೆಯುವ ಹಿತ್ತಾಳೆ! ಹಡಗಿನ ಆಯುಷ್ಯದಲ್ಲಿ ಅದಕ್ಕೆ ಇರುವ ಏಕೈಕ ಸುಂದರ ದಿನ ಅದೇ, ಆ ದಿನ ಅದು ಯಾವ ಹಡಗಿನಂತೆಯೂ ಕಾಣುತ್ತಿರುವುದಿಲ್ಲ.

ಈ ವಿದ್ಯೆಗೆ ಸೂತ್ರ ಬರೆದವರು ಚಳಿ ದೇಶದವರಿರಬೇಕು. ಸೀಲಿಂಗ್ ಫ್ಯಾನಿನ ಬಗ್ಗೆ ಅವರು ಯೋಚಿಸಿಯೇ ಇಲ್ಲ. ಬೆಂಗಳೂರಿನ ಏಪ್ರಿಲ್‌ನಲ್ಲಿ ಹಿತ್ತಾಳೆ ಕೆಲಸಕ್ಕೆ ಕೂತವನು ಮೊದಲು ಫ್ಯಾನ್ ಆರಿಸಬೇಕು, ಕಿಟಕಿ ಮುಚ್ಚಬೇಕು, ಉಸಿರನ್ನು ಮೂಗಿನಲ್ಲಿ ಸಣ್ಣಗೆ ಬಿಡಬೇಕು. ಹಾಳೆಯಿಂದ ತುಣುಕನ್ನು ಬೇರ್ಪಡಿಸುವಾಗ ಅದು ಬ್ಲೇಡಿನ ತುದಿಯಿಂದ ಟಣ್ಣನೆ ಹಾರುತ್ತದೆ. ಎಲ್ಲಿಗೆ ಹಾರಿತು ಎಂಬ ಪ್ರಶ್ನೆಗೆ ಭೌತಶಾಸ್ತ್ರದಲ್ಲಿ ಉತ್ತರವಿಲ್ಲ. ಹಳೆಯ ಮನೆಯಾದರೆ ನೆಲ ಮೊಸಾಯಿಕ್. ಕಪ್ಪು, ಕಂದು, ಹಳದಿ, ಬಿಳಿ ಚುಕ್ಕೆಗಳ ಆ ನೆಲವನ್ನು ಮಾಡಿದ್ದೇ ಹಿತ್ತಾಳೆ ನುಂಗಲು. ಮನೆಮಂದಿಯೆಲ್ಲ ಮೊಬೈಲ್ ಟಾರ್ಚ್ ಹಿಡಿದು ಮೊಣಕಾಲೂರುತ್ತಾರೆ.

"ಅಪ್ಪಾ, ಇದಾ?"

"ಅದು ಜೀರಿಗೆ, ಪುಟ್ಟಾ."

"ಇದು?"

"ಅದೂ ಜೀರಿಗೆ. ನಿಮ್ಮಮ್ಮನ್ನ ಕರಿ."

ಅಮ್ಮ ಬರುತ್ತಾರೆ. ಕಾಲಿಗೆ ಏನೋ ಚುಚ್ಚುತ್ತದೆ. ಸಿಕ್ಕಿತು!

ಅಂಟಿನ ಕತೆ ಬೇರೆಯೇ. ಹಿತ್ತಾಳೆಗೆ ಪ್ಲಾಸ್ಟಿಕ್ ಅಂಟು ಹಿಡಿಯುವುದಿಲ್ಲ, ಸೂಪರ್ ಗ್ಲೂ ಬೇಕು. ಅದು ಗಟ್ಟಿಯಾಗುವುದು ಗಾಳಿಯಲ್ಲಿರುವ ತೇವದಿಂದ. ಜೂನ್ ತಿಂಗಳ ಮಂಗಳೂರಿನಲ್ಲಿ ತೇವಕ್ಕೆ ಬರವೇ? ತುಣುಕು ಜಾಗಕ್ಕೆ ಮುಟ್ಟುವ ಮೊದಲೇ ಅಂಟು ತನ್ನ ಕೆಲಸ ಮುಗಿಸಿ ಕೂತಿರುತ್ತದೆ. ಚಿಮುಟಕ್ಕೆ ಬೆರಳು, ಬೆರಳಿಗೆ ಕನ್ನಡಕ, ಕನ್ನಡಕಕ್ಕೆ ಹುಬ್ಬು, ಎಲ್ಲವೂ ಬಿಡದಂತೆ ಅಂಟುತ್ತವೆ. ಅಂಟಲು ಒಪ್ಪದ ವಸ್ತುಗಳು ಎರಡೇ: ಹಿತ್ತಾಳೆ ಮತ್ತು ಪ್ಲಾಸ್ಟಿಕ್. ಲೋಹ ಬಿರುಸು ಎಂದು ಕೆಲವರು ಹಾಳೆಯನ್ನು ಉರಿಯ ಮೇಲೆ ಹಿಡಿದು ಮೆದು ಮಾಡಿಕೊಳ್ಳುತ್ತಾರೆ, ಬಣ್ಣ ಕಚ್ಚಲಿ ಎಂದು ವಿನಿಗರ್‌ನಲ್ಲಿ ನೆನೆಹಾಕುತ್ತಾರೆ. ಹಿತ್ತಾಳೆಗೆ ಹುಳಿ ಹಚ್ಚುವುದು ನಮ್ಮ ಅಜ್ಜಿಯರಿಗೆ ಹೊಸದಲ್ಲ, ಹುಣಸೆಹಣ್ಣು ತಿಕ್ಕಿ ಹೊಳೆಸುತ್ತಿದ್ದರು. ಹೊಳೆಸಿದ ಮೇಲೆ ಅದಕ್ಕೆ ಬೂದು ಬಣ್ಣ ಬಳಿಯುವ ಬುದ್ಧಿ ಮಾತ್ರ ಅವರಿಗೆ ಬರಲಿಲ್ಲ.

ಯಮಾಟೊಗೆ ಮರಳೋಣ. ಕೊನೆಯ ಯಾತ್ರೆಯ ಹೊತ್ತಿಗೆ ಅದರ ಮೇಲೆ 25 ಮಿಲಿಮೀಟರಿನ ವಿಮಾನ ಹೊಡೆಯುವ ನಳಿಗೆಗಳೇ 150ಕ್ಕೂ ಹೆಚ್ಚಿದ್ದವು. ಹೆಚ್ಚಿನವು ಮೂರು ಮೂರರ ಗುಂಪಾಗಿ. ಹಿತ್ತಾಳೆ ಸೆಟ್ಟಿನಲ್ಲಿ ಅಂಥ ಒಂದು ಗುಂಪಿಗೆ ನಳಿಗೆ, ಗುರಿಗಣ್ಣು, ಆಸನ, ಕಾಲುಮಣೆ, ತಿರುಗಣೆ ಎಂದು ಕೈಬೆರಳು ಮೀರುವಷ್ಟು ತುಣುಕು. ಎಲ್ಲ ಸೇರಿಸಿ ಮಡಚಿ ಮುಗಿಸಿದ ಮೇಲೆ ಬಂದೂಕು ಒಂದು ಅಕ್ಕಿ ಕಾಳಿನ ಗಾತ್ರ. ನಿದ್ದೆಗೆಟ್ಟು, ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡು, ತಿಂಗಳುಗಟ್ಟಲೆ ಒಂದಾದ ಮೇಲೆ ಒಂದು ಮಾಡುತ್ತಾರೆ. 1945ರ ಏಪ್ರಿಲ್ 7ರಂದು ಅಮೆರಿಕದ 300ಕ್ಕೂ ಹೆಚ್ಚು ವಿಮಾನಗಳು ಬಂದೆರಗಿ ಯಮಾಟೊವನ್ನು ಮುಳುಗಿಸಿದಾಗ ಈ ಬಂದೂಕುಗಳೂ ಜೊತೆಯ ಹಡಗುಗಳ ಬಂದೂಕುಗಳೂ ಸೇರಿ ಆ ಕಡೆಗೆ ಮಾಡಿದ ನಷ್ಟ ಹತ್ತು ವಿಮಾನ. ಅಂದು ಉಪಯೋಗಕ್ಕೆ ಬಾರದ ಬಂದೂಕನ್ನು ಇಂದು ಇಷ್ಟು ಶ್ರದ್ಧೆಯಿಂದ ಮಾಡುವುದನ್ನು ಕಂಡರೆ, ಅಂದಿನ ಅಡ್ಮಿರಲ್‌ಗಳ ಮನಸ್ಸು ಇಂದಿನ ಹವ್ಯಾಸಿಗಳಲ್ಲಿ ಮರುಹುಟ್ಟು ಪಡೆದಿದೆಯೇನೋ ಎನಿಸುತ್ತದೆ. ಇನ್ನೊಂದು ಗುಂಪು ಬಂದೂಕು ಕೂರಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಇಬ್ಬರದೂ ಒಂದೇ.

"ನಿಖರತೆ ಬೇಕು ಸ್ವಾಮಿ" ಎನ್ನುತ್ತಾರೆ ಮಡಿವಂತರು. ಬೇಕು, ಒಪ್ಪೋಣ. ಲೆಕ್ಕ ಮಾಡೋಣ.

ಹಿತ್ತಾಳೆ ರೇಲಿಂಗಿನ ಒಂದು ಎಳೆ 0.1 ಮಿಲಿಮೀಟರ್ ಇದೆ ಎನ್ನಿ. ಅದನ್ನು ಏಳುನೂರರಿಂದ ಗುಣಿಸಿದರೆ 70 ಮಿಲಿಮೀಟರ್. ನಿಜವಾದ ಹಡಗಿನ ರೇಲಿಂಗಿನಲ್ಲಿ ಬೆರಳು ದಪ್ಪದ ತಂತಿ ಅಥವಾ ಸರಪಳಿ ಇದ್ದಲ್ಲಿ ನಮ್ಮ ನಿಖರ ಹಡಗಿನಲ್ಲಿ ಏಳು ಸೆಂಟಿಮೀಟರಿನ ಪೈಪು. ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ. ಆ ಹಡಗಿನ ನಾವಿಕ ಅದನ್ನು ಹಿಡಿಯಲು ಹೋದರೆ ಮುಷ್ಟಿ ಕೂಡುವುದಿಲ್ಲ. ಅರ್ಧ ಮಿಲಿಮೀಟರ್ ಸೂಪರ್ ಗ್ಲೂ ಹನಿ ಮೂಲೆಯಲ್ಲಿ ಉಳಿದುಕೊಂಡಿತೋ, ಯುದ್ಧನೌಕೆಯ ಡೆಕ್ಕಿನ ಮೇಲೆ 35 ಸೆಂಟಿಮೀಟರ್ ಅಗಲದ ಗಾಜಿನ ಗುಡ್ಡ. ನಿಜವಾದ ಮರದ ಡೆಕ್ಕಿನದ್ದು ಇನ್ನೂ ಚಂದ: ಮರದ ಹಾಳೆ ನಿಜ, ಅದರ ಮೇಲಿನ ನಾರಿನ ಗೆರೆಯೂ ನಿಜ, ಆದರೆ ಆ ಗೆರೆಗೆ ಅಳತೆಪಟ್ಟಿ ಗೊತ್ತಿಲ್ಲ. ಅರ್ಧ ಮಿಲಿಮೀಟರ್ ಅಂತರದ ಗೆರೆಯನ್ನು ಏಳುನೂರು ಪಟ್ಟು ಮಾಡಿ ನೋಡಿ. ವರ್ಷಕ್ಕೊಂದರಂತೆ 35 ಸೆಂಟಿಮೀಟರ್ ದಪ್ಪದ ಉಂಗುರ ಕಟ್ಟುವ ಮರ ಭೂಮಿಯ ಮೇಲೆ ಎಲ್ಲಿತ್ತು? ಶೋಕೇಸಿನ ಸಂದಿಯಿಂದ ನುಸುಳಿದ ಧೂಳಿನ ಕಣ 0.05 ಮಿಲಿಮೀಟರ್ ಇದ್ದರೆ ಅದು ಮೂರೂವರೆ ಸೆಂಟಿಮೀಟರಿನ ಜಲ್ಲಿಕಲ್ಲು. ಎರಡು ತಿಂಗಳು ಗಾಜಿನ ಪೆಟ್ಟಿಗೆ ತೆರೆದಿಟ್ಟರೆ ಯಮಾಟೊ ಮೇಲೆ ರಸ್ತೆ ಹಾಕಬಹುದು.

ರೇಲಿಂಗ್ ಇಲ್ಲದ ಹಡಗು ತಪ್ಪಾಗಿತ್ತು, ಒಪ್ಪಿದೆ. ರೇಲಿಂಗ್ ಇರುವ ಹಡಗೂ ತಪ್ಪೇ. ವ್ಯತ್ಯಾಸವೆಂದರೆ ಎರಡನೇ ತಪ್ಪು ದುಬಾರಿ.

ಇಷ್ಟಕ್ಕೆ ನಿಂತಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಬಣ್ಣಕ್ಕೆ ಬಂದರೆ ನಗುವೂ ನಿಲ್ಲುತ್ತದೆ. ಜಪಾನಿನ ನೌಕಾ ಕಾರ್ಖಾನೆಗಳಲ್ಲಿ ಒಂದೊಂದರ ಬೂದು ಬಣ್ಣವೂ ಒಂದಿಷ್ಟು ಬೇರೆ. ಕುರೆಯ ಬೂದು, ಸಾಸೆಬೊ ಬೂದು, ಮೈಝುರು ಬೂದು, ಯೊಕೊಸುಕಾ ಬೂದು. ನಾಲ್ಕಕ್ಕೂ ನಾಲ್ಕು ಬಾಟಲಿ ಮಾರಾಟಕ್ಕಿವೆ. ಜರ್ಮನಿಯ ಯುದ್ಧನೌಕೆ ಬಿಸ್ಮಾರ್ಕಿನ ಫಿರಂಗಿ ಗೋಪುರಗಳ ನೆತ್ತಿ ಮುಳುಗುವ ದಿನ ಹಳದಿ ಇತ್ತೋ ಕೆಂಪಿತ್ತೋ ಎಂದು ದಶಕಗಳಿಂದ ವಾದ ನಡೆದಿದೆ. ಅಂದು ಆ ನೆತ್ತಿಯ ಕೆಳಗೆ ಇದ್ದವರಿಗೆ ಬಣ್ಣದ ಬಗ್ಗೆ ಆಸಕ್ತಿ ಇದ್ದಂತಿಲ್ಲ.

ಯಮಾಟೊ ವಿಷಯದಲ್ಲಂತೂ ವಾದಕ್ಕೆ ಕೊನೆಯೇ ಇಲ್ಲ, ಏಕೆಂದರೆ ಉಳಿದ ಆಧಾರಗಳೇ ಕಡಿಮೆ. 1937ರ ನವೆಂಬರ್‌ನಲ್ಲಿ ಕುರೆಯಲ್ಲಿ ಅದರ ಕೆಲಸ ಶುರುವಾದದ್ದು ಗುಟ್ಟಾಗಿ. ಅದರ ಜೋಡಿ ಮುಸಾಶಿಯನ್ನು ನಾಗಸಾಕಿಯಲ್ಲಿ ಕಟ್ಟುವಾಗ ನಾರಿನ ಹಗ್ಗದ ಪರದೆ ಇಳಿಬಿಟ್ಟು ಮರೆಮಾಡಿದ್ದರು. ಅಷ್ಟೊಂದು ನಾರು ಆ ಪರದೆಗೇ ಹೋಗಿ ಬಲೆ ಹೆಣೆಯುವ ಬೆಸ್ತರಿಗೆ ಸಿಗದಂತಾಯಿತು ಎಂಬ ಕತೆಯಿದೆ. ಯುದ್ಧ ಸೋತ ಮೇಲೆ ಉಳಿದ ನಕ್ಷೆ, ಕಡತಗಳಲ್ಲಿ ಬಹುಪಾಲನ್ನು ಸುಟ್ಟರು. ಕಟ್ಟುವಾಗ ಯಾರೂ ನೋಡಬಾರದು ಎಂದವರ ಹಡಗಿನ ಪ್ರತಿಯೊಂದು ಕೀಲನ್ನೂ ಈಗ ಮಂಡ್ಯದಿಂದ ಮಿಲ್ವಾಕಿಯವರೆಗೆ ಎಲ್ಲರೂ ನೋಡಬೇಕೆನ್ನುತ್ತಾರೆ. ಎಷ್ಟು ಗುಟ್ಟೋ ಅಷ್ಟು ಪರಿಣತರು.

ಯಮಾಟೊ ಮೂಗಿನ ತುದಿಯಲ್ಲಿ ಸೇವಂತಿಗೆ ಹೂವಿನ ರಾಜಮುದ್ರೆ ಇತ್ತು. ಅದರ ಅಗಲ ಒಂದೂವರೆ ಮೀಟರ್ ಎಂದು ಬಹಳ ಕಾಲ ನಂಬಿದ್ದರು. 1999ರಲ್ಲಿ ಸಮುದ್ರದ ತಳದಲ್ಲಿರುವ ಹಡಗಿನ ಬಳಿಗೆ ಇಳಿದು ನೋಡಿದಾಗ ಅದು ಸುಮಾರು ಒಂದೇ ಮೀಟರ್ ಎಂದು ತಿಳಿಯಿತು. 1/700ರಲ್ಲಿ ಲೆಕ್ಕ ಹಾಕಿ: ಎರಡು ಮಿಲಿಮೀಟರ್ ಚಿಲ್ಲರೆ ಇದ್ದದ್ದು ಒಂದೂವರೆಗೆ ಇಳಿಯಿತು. ಮುಕ್ಕಾಲು ಮಿಲಿಮೀಟರೂ ಇಲ್ಲದ ಈ ವ್ಯತ್ಯಾಸದಿಂದ ಅಲ್ಲಿಯವರೆಗೆ ಕಟ್ಟಿದ ಯಮಾಟೊಗಳೆಲ್ಲ ಒಂದೇ ಏಟಿಗೆ ಮೈಲಿಗೆಯಾದವು. ಹೊಸ ಹೂ, ಹೊಸ ಸೆಟ್, ಹೊಸ ಖರ್ಚು.

ಸಮುದ್ರದ ತಳದಲ್ಲಿ ಬಿಸ್ಮಾರ್ಕ್ 1989ರಲ್ಲಿ ಸಿಕ್ಕಿತು, ಬ್ರಿಟನ್ನಿನ ಹುಡ್ 2001ರಲ್ಲಿ, ಮುಸಾಶಿ 2015ರಲ್ಲಿ. ಹುಡ್ ಸಿಡಿದಾಗ ಅದರಲ್ಲಿದ್ದ 1,418 ಜನರಲ್ಲಿ ಬದುಕಿ ಉಳಿದವರು ಮೂವರು. ಯಮಾಟೊ ಜೊತೆ ಹೋದವರು 3,000ಕ್ಕೂ ಹೆಚ್ಚು. ಅವರೆಲ್ಲ ಇರುವ ಜಾಗಕ್ಕೆ ಕ್ಯಾಮೆರಾ ಇಳಿದು, ಕೆಸರಿನ ನಡುವೆ ಮೊದಲ ಬಾರಿಗೆ ಹಡಗಿನ ಮೈ ಬೆಳಕಿಗೆ ಬಂದಾಗ, ಜಗತ್ತಿನ ಒಂದು ಮೂಲೆಯಲ್ಲಿ ಯಾರೋ ಒಬ್ಬರು ಪರದೆಗೆ ಮೂಗು ಒತ್ತಿ ಕೂಗುತ್ತಾರೆ: "ನೋಡಿದ್ರಾ? ಆ ಕಿಟಕಿ ಮುಚ್ಚಿದ್ದಾರೆ! ನಾನು ಆಗಲೇ ಹೇಳಿರ್ಲಿಲ್ವಾ!"

ಹಾಗೆಂದು ಹಿತ್ತಾಳೆಯವರು ಮನುಷ್ಯರನ್ನು ಮರೆತಿದ್ದಾರೆ ಎಂದರೆ ತಪ್ಪಾದೀತು. ನಾವಿಕರೂ ಹಾಳೆಯಲ್ಲೇ ಸಿಗುತ್ತಾರೆ. ಸಾಲಾಗಿ, ತಲೆಯಿಂದ ಚೌಕಟ್ಟಿಗೆ ಜೋತುಬಿದ್ದು, ಎರಡೂವರೆ ಮಿಲಿಮೀಟರ್ ಎತ್ತರ, ತಗಡಿನಷ್ಟೇ ದಪ್ಪ. ಎದುರಿನಿಂದ ನೋಡಿದರೆ ಸೆಲ್ಯೂಟ್ ಹೊಡೆಯುತ್ತಿರುತ್ತಾರೆ, ಪಕ್ಕದಿಂದ ನೋಡಿದರೆ ಇರುವುದೇ ಇಲ್ಲ. ಬಂದೂಕಿನ ಆಸನ ದುಂಡಗಿಲ್ಲ ಎಂದು ಸೆಟ್ ವಾಪಸು ಮಾಡುವವರು ಈ ಚಪ್ಪಟೆ ಜನರ ಬಗ್ಗೆ ಚಕಾರ ಎತ್ತಿದ್ದನ್ನು ನಾನು ಕೇಳಿಲ್ಲ. ಎಷ್ಟೋ ಹಡಗುಗಳಲ್ಲಿ ಅವರನ್ನೂ ಹಾಕುವುದಿಲ್ಲ. "ಜನ ಬಂದ್ರೆ ಡೀಟೇಲ್ ಮುಚ್ಚಿಹೋಗುತ್ತೆ ಸಾರ್" ಎಂದು ಒಬ್ಬರು ವಿವರಿಸಿದರು.

ಕುರೆಯ ವಸ್ತುಸಂಗ್ರಹಾಲಯದಲ್ಲಿ 2005ರಿಂದ ಯಮಾಟೊವಿನ 1/10 ಅಳತೆಯ ಮಾದರಿ ಇದೆ, 26.3 ಮೀಟರ್ ಉದ್ದ. ನಮ್ಮ ಬಿ.ಎಂ.ಟಿ.ಸಿ. ಬಸ್ಸುಗಳನ್ನು ಎರಡು ಒಂದರ ಹಿಂದೆ ಒಂದು ನಿಲ್ಲಿಸಿದರೂ ಸಾಲದು. ಹೊಸ ಶೋಧಗಳು ಬಂದಂತೆ ಅದನ್ನೂ ತಿದ್ದಿದ್ದಾರೆ. ಆದರೆ ಅಲ್ಲಿ ಹಡಗಿನ ಜೊತೆಗೆ ಅದರಲ್ಲಿ ಹೋದವರ ಹೆಸರು, ಕಾಗದ, ಸಾಮಾನುಗಳೂ ಇವೆ. ನಮ್ಮ ಮಡಿವಂತರಿಗೆ ಆ ಭಾಗದ ಆಫ್ಟರ್‌ಮಾರ್ಕೆಟ್ ಸೆಟ್ ಯಾರೂ ಮಾಡಿಕೊಟ್ಟಿಲ್ಲ.

ಇನ್ನು ಭಾರತಕ್ಕೆ ತರಿಸುವ ಸಂಭ್ರಮ. ಸುಂಕದ ಪಟ್ಟಿಯಲ್ಲಿ ಅಳತೆಗೆ ಇಳಿಸಿದ ಮಾದರಿಗಳು ಬರುವುದು ಗೊಂಬೆ, ಮೂರು ಚಕ್ರದ ಸೈಕಲ್ ಇರುವ ತಲೆಬರಹದ ಅಡಿಯಲ್ಲೇ. ಆಟಿಕೆಯ ಮೇಲಿನ ಕಸ್ಟಮ್ಸ್ ಸುಂಕ 2020ರ ಬಜೆಟ್ಟಿನಲ್ಲಿ ಶೇ 20ರಿಂದ 60ಕ್ಕೆ ಏರಿತು, 2023ರಲ್ಲಿ 70ಕ್ಕೆ. ದುಡ್ಡು ಹೋದದ್ದಕ್ಕೆ ಮಡಿವಂತರು ಅಳಲಿಲ್ಲ, ಮಾನ ಹೋದದ್ದಕ್ಕೆ ಅತ್ತರು.

"ಆಟದ ಸಾಮಾನು ತಾನೆ?"

"ಅಲ್ಲ ಸಾರ್. ಇದು ಮಾಡೆಲ್. ಸ್ಕೇಲ್ ಮಾಡೆಲ್. ಇತಿಹಾಸ."

"ಓಡುತ್ತಾ?"

"ಇಲ್ಲ."

"ನೀರಲ್ಲಿ ತೇಲುತ್ತಾ?"

"...ಇಲ್ಲ. ತಳ ಇಲ್ಲ."

"ಹಾಗಾದ್ರೆ ಆಟಕ್ಕೂ ಬರಲ್ಲ. ಸರಿ, ಸಹಿ ಹಾಕಿ."

ಮನೆಯಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಅದು ಬರೀ ಆಟಿಕೆ, ಏನೂ ಬೆಲೆಯಿಲ್ಲ, ಯಾರೋ ಸುಮ್ಮನೆ ಕೊಟ್ಟದ್ದು. 1922ರ ವಾಷಿಂಗ್ಟನ್ ಒಪ್ಪಂದದಲ್ಲಿ ಯುದ್ಧನೌಕೆಯ ತೂಕ 35,000 ಟನ್ ಮೀರಬಾರದು, ಅಮೆರಿಕ-ಬ್ರಿಟನ್-ಜಪಾನಿನ ಬಲ 5:5:3 ಇರಬೇಕು ಎಂದು ನಿಗದಿಯಾಗಿತ್ತು. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಇಂಥದೇ ಒಪ್ಪಂದ ಜಾರಿಯಲ್ಲಿದೆ: ಸೀರೆ, ಪುಸ್ತಕ, ಹಡಗು 5:5:3. ಅಟ್ಟದ ಮೇಲಿನ ಕಟ್ಟದ ಪೆಟ್ಟಿಗೆಗಳು ಅಟ್ಟ ಮೀರಬಾರದು. ಒಂದು ಒಳಗೆ ಬಂದರೆ ಒಂದು ಹೊರಗೆ ಹೋಗಬೇಕು. ಹೆಂಡತಿಗೆ ಇರುವ ತಪಾಸಣೆಯ ಹಕ್ಕನ್ನು ಪ್ರಶ್ನಿಸುವಂತಿಲ್ಲ.

"ಏನ್ರೀ ಇದು, ಎಷ್ಟಾಯ್ತು?"

"ಇದಾ? ತಗಡು ಕಣೇ. ಐನೂರೋ ಆರುನೂರೋ."

ಜಪಾನಿನವರು ಒಪ್ಪಂದದ ಕಾಲದಲ್ಲಿ ಮೊಗಾಮಿ ಎಂಬ ಕ್ರೂಸರ್ ಕಟ್ಟಿ ತೂಕ 8,500 ಟನ್ ಎಂದು ಜಗತ್ತಿಗೆ ಹೇಳಿದ್ದರು. ಅಷ್ಟು ತೂಕಕ್ಕೆ ಅಷ್ಟೊಂದು ಫಿರಂಗಿ ಕೂರುವುದಿಲ್ಲ ಎಂದು ಬಲ್ಲವರಿಗೆಲ್ಲ ಅನುಮಾನ. ನಿಜಕ್ಕೂ ಅದು ಅದಕ್ಕಿಂತ ಬಹಳ ಭಾರವಿತ್ತು. ಪರೀಕ್ಷಾ ಯಾನದಲ್ಲೇ ಬೆಸುಗೆ ಬಿರುಕುಬಿಟ್ಟು ಮೇಲಿನ ಹೊರೆ ತಾಳದೆ ಹಡಗನ್ನು ಮತ್ತೆ ಕಟ್ಟಬೇಕಾಯಿತು. ಗಂಡಂದಿರು ಓದಿಕೊಳ್ಳಬೇಕಾದ ಇತಿಹಾಸ ಇದು. 1936ರ ಕೊನೆಗೆ ಜಪಾನ್ ಒಪ್ಪಂದದಿಂದಲೇ ಹೊರಬಿತ್ತು. ಗಂಡಂದಿರಿಗೆ ಆ ಸೌಲಭ್ಯವಿಲ್ಲ.

ಇಷ್ಟು ಹೊತ್ತು ದೂರದ ಹಡಗುಗಳನ್ನು ಕುರಿತು ಮಾತಾಡಿದೆವು. ನಮ್ಮದೂ ಒಂದಿತ್ತು. ಬ್ರಿಟನ್ನಿನಲ್ಲಿ ಅರ್ಧಕ್ಕೆ ನಿಂತ ಹರ್ಕ್ಯುಲಿಸ್ ಎಂಬ ಹಡಗನ್ನು 1957ರಲ್ಲಿ ಕೊಂಡು, 1961ರಲ್ಲಿ ವಿಕ್ರಾಂತ್ ಎಂದು ಸೇವೆಗೆ ತಂದೆವು. 1971ರ ಯುದ್ಧದಲ್ಲಿ ಅದು ಬಂಗಾಳ ಕೊಲ್ಲಿಯಲ್ಲಿತ್ತು. 1997ರಲ್ಲಿ ನಿವೃತ್ತಿ, ಆಮೇಲೆ ಮುಂಬೈಯಲ್ಲಿ ಕೆಲಕಾಲ ವಸ್ತುಸಂಗ್ರಹಾಲಯ, ನಂತರ ಇಟ್ಟುಕೊಳ್ಳಲು ಆಗುವುದಿಲ್ಲ ಎಂದು ಗುಜರಿಗೆ. 2016ರಲ್ಲಿ ಆ ಲೋಹವನ್ನು ಸೇರಿಸಿ ಬಜಾಜ್ ಕಂಪನಿ ಬೈಕ್ ಮಾಡಿತು. ಯಮಾಟೊ ರೇಲಿಂಗಿನ ಕಂಬಗಳ ನಡುವಿನ ಅಂತರ ಬಾಯಿಪಾಠವಿರುವ ಮಹನೀಯರೊಬ್ಬರ ಮನೆಮುಂದೆ ಅದೇ ಬೈಕ್ ನಿಂತಿರುವುದನ್ನು ನೋಡಿದ್ದೇನೆ. ಪೂರ್ಣ ಅಳತೆಯ ವಿಕ್ರಾಂತಿನ ಅಸಲಿ ತುಣುಕು ಅವರ ತೊಡೆಯ ಕೆಳಗಿದೆ, ಹಿತ್ತಾಳೆಯಲ್ಲದ ಕಾರಣ ಗಮನಕ್ಕೆ ಬಂದಿಲ್ಲ.

ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಐ.ಎನ್.ಎಸ್. ಚಪಲ್ ನಿಂತಿದೆ. ಕ್ಷಿಪಣಿ ನೌಕೆ, ಸುಮಾರು 39 ಮೀಟರ್. ಟಿಕೆಟ್ ತೆಗೆದುಕೊಂಡು ಹತ್ತಬಹುದು, ರೇಲಿಂಗ್ ಹಿಡಿದು ನಿಲ್ಲಬಹುದು, ಮುಷ್ಟಿಯೂ ಕೂಡುತ್ತದೆ. ಹೋಗಿಬನ್ನಿ ಎಂದು ಒಬ್ಬರಿಗೆ ಹೇಳಿದೆ. "1/700ರಲ್ಲಿ ಅದು ಐದೂವರೆ ಸೆಂಟಿಮೀಟರ್, ಅದಕ್ಕೆ ಯಾರೂ ಸೆಟ್ ಮಾಡಿಲ್ಲ" ಎಂದರು. ಇವರು ಹಡಗಿಗೆ ತುಕ್ಕು ಹಿಡಿದಂತೆ ಕಾಣಿಸಲು ಪುಟ್ಟ ಬಾಟಲಿಗಳಲ್ಲಿ ತುಕ್ಕಿನ ಪುಡಿ ತರಿಸುತ್ತಾರೆ. ಹಳೆ ತುಕ್ಕು, ಹೊಸ ತುಕ್ಕು, ಇಳಿದ ತುಕ್ಕು ಎಂದು ಬೇರೆ ಬೇರೆ. ಕಾರವಾರದ ಗಾಳಿ ಮೂರನ್ನೂ ಪುಕ್ಕಟೆ ಕೊಡುತ್ತದೆ, ಆದರೆ ಬಾಟಲಿಯಲ್ಲಿ ಅಲ್ಲ.

ಈಗ ಬಂದಿರುವ ಸುದ್ದಿ ಕೇಳಿ. ಹಿತ್ತಾಳೆ ಕಾಲ ಮುಗಿಯಿತಂತೆ. ತಗಡಿನಿಂದ ಕತ್ತರಿಸಿದ ನಳಿಗೆ ಎಷ್ಟಾದರೂ ಚಪ್ಪಟೆ. ಈಗ ತ್ರೀ-ಡಿ ಪ್ರಿಂಟರ್ ರೆಸಿನ್ನಿನಲ್ಲಿ ಬಂದೂಕನ್ನು ದುಂಡಗೆ, ಆಸನ ಸಮೇತ, ಒಂದೇ ತುಣುಕಾಗಿ ತಟ್ಟೆತಟ್ಟೆ ಇಳಿಸುತ್ತದೆ. ಒಂದು ಹನಿ ಅಂಟು, ಆಯಿತು. ನನ್ನ ಪರಿಚಯದ ಮಡಿವಂತರು ಈಚೆಗೆ ಕಂಡಾಗ ಮುಖದಲ್ಲಿ ಹೊಸ ಕಳೆ.

"ಹಿತ್ತಾಳೆ ಅಷ್ಟು ಸರಿಯಲ್ಲ ಸಾರ್. ತುಂಬಾ ಚಪ್ಪಟೆ. ಅದು ಮೊದಲಿಂದ ನಂಗೆ ಅನ್ನಿಸ್ತಾನೇ ಇತ್ತು."

"ಮತ್ತೆ ಆ ಯಮಾಟೊ? ಅಷ್ಟೂ ಬಂದೂಕು ಕೂರಿಸಿ ಆಗಿತ್ತಲ್ಲ?"

"ಕೀಳಬೇಕು. ಅಸಿಟೋನ್ ಹಾಕಿದ್ರೆ ಸೂಪರ್ ಗ್ಲೂ ಬಿಡುತ್ತೆ."

"ಪ್ಲಾಸ್ಟಿಕ್?"

"ಅದೂ ಕರಗುತ್ತೆ" ಎಂದರು ನಿರಾಳವಾಗಿ. "ಅದಕ್ಕೇ ಹೊಸ ಕಿಟ್ ತರಿಸಿದ್ದೀನಿ, 1/350ರದ್ದು. ಹಳೇ ಹಿತ್ತಾಳೆ ಸೆಟ್ ಒಂದೆರಡು ಒಡೆಯದೆ ಹಾಗೇ ಇವೆ. ನಿಮಗೆ ಯಾರಾದ್ರೂ ಹೊಸದಾಗಿ ಶುರು ಮಾಡೋ ಹುಡುಗರು ಗೊತ್ತಾ? ಕಲಿಯೋರಿಗೆ ಹಿತ್ತಾಳೆ ತುಂಬಾ ಒಳ್ಳೇದು. ಮುಕ್ಕಾಲು ಬೆಲೆಗೆ ಕೊಡ್ತೀನಿ."